ಪೆಟ್ಟಿಗೆಯೊಳಗಿನ ಕರಾರು

ನಮ್ಮ ಹೊಂಡಾ ಸಿಟಿಯ ತಲೆ ಬಾನೆಟ್ ಕೆಳಗಿಲ್ಲ. ಮುಂದಿನ ಎಡಸೀಟಿನವರು ಕಾಲು ಚಾಚೋ ಜಾಗದಲ್ಲಿ, ಕಾರ್ಪೆಟ್ಟಿನ ಹಿಂದೆ, ಒಂದು ಲೋಹದ ಪೆಟ್ಟಿಗೆಯಲ್ಲಿದೆ. ದಪ್ಪ ನೋಟ್‌ಬುಕ್ಕಿನಷ್ಟು ಗಾತ್ರ. ಪುಸ್ತಕದಲ್ಲಿ ಅದರ ಹೆಸರು ಇಸಿಯು, ಎಂಜಿನ್ ಕಂಟ್ರೋಲ್ ಯೂನಿಟ್. ಗೋಕುಲ ರಸ್ತೆ ಕಡೆ ಗ್ಯಾರೇಜ್ ಇಟ್ಟುಕೊಂಡಿರೋ ನಮ್ಮ ಚಾಚಾ ಮಾತ್ರ 'ಡಬ್ಬಿ' ಅಂತಾರೆ. 2025ರ ಮಳೆಗಾಲದ ಒಂದು ಭಾನುವಾರ, ನವನಗರದ ನಮ್ಮ ಮನೆ ಮುಂದೆ, ಅಪ್ಪ ನನ್ನ ಬೆನ್ನ ಮೇಲೆ ಛತ್ರಿ ಹಿಡಿದು ನಿಂತಿದ್ದಾಗ ನಾನು ಆ ಡಬ್ಬಿಯನ್ನು ಹೊರಗೆ ತೆಗೆದೆ. ಅದರ ಜಾಗಕ್ಕೆ ಏನು ಬರಬೇಕು ಅನ್ನೋದು ಇನ್ನೂ ತೀರ್ಮಾನ ಆಗಿರಲಿಲ್ಲ.

ಕಾರು 2002ರದ್ದು, 1.5 ವಿಟೆಕ್. ಈಗಿನ ಹುಡುಗರಿಗೆ ಹೇಳಿದರೆ ನಗಬಹುದು, ಆದರೆ ಆ ಕಾಲಕ್ಕೆ 106 ಬಿಎಚ್‌ಪಿ ಅಂದ್ರೆ ನಮ್ಮ ರಸ್ತೆಯಲ್ಲಿ ದೊಡ್ಡ ಮಾತು. 2003ರಲ್ಲಿ ಹೊಸ ಸಿಟಿ ಬಂದಾಗ ಹೊಂಡಾ ಮೈಲೇಜಿನ ಕಡೆ ವಾಲಿ, ಅದೇ ಒಂದೂವರೆ ಲೀಟರಿಗೆ 77 ಬಿಎಚ್‌ಪಿ ಮಾತ್ರ ಕೊಟ್ಟಿತು. ಹಾಗಾಗಿ ಹಳೆ ವಿಟೆಕ್‌ಗೆ ಒಂಥರಾ ಭಕ್ತಗಣ ಹುಟ್ಟಿಕೊಂಡಿತು. ಅಪ್ಪ ಈ ಗಣದವರಲ್ಲ. 2006ರಲ್ಲಿ ಬೆಂಗಳೂರಿನಿಂದ ಸೆಕೆಂಡ್‌ಹ್ಯಾಂಡ್ ತಂದಾಗ ಅವರು ಕೇಳಿದ್ದು ಒಂದೇ, "ಆವರೇಜ್ ಎಷ್ಟ ಕೊಡ್ತೈತಿ?" ಗಣಕ್ಕೆ ಸೇರಿದವನು ನಾನು. 2020ರಲ್ಲಿ ಬೆಂಗಳೂರಿನ ರೂಮು ಖಾಲಿ ಮಾಡಿ, ಲ್ಯಾಪ್‌ಟಾಪ್ ಸಮೇತ ಮನೆಗೆ ಬಂದೆ. ಮುಂದಿನ ಎರಡು ವರ್ಷದಲ್ಲಿ ಕಾರಿಗೆ ಹೊಸ ಎಕ್ಸಾಸ್ಟ್ ಹೆಡರ್ ಬಂತು, ಕ್ಯಾಮ್‌ಶಾಫ್ಟ್ ಬದಲಾಯಿತು, ಹೆಡ್ಡನ್ನು ಸ್ವಲ್ಪ ತೇಯಿಸಿ ಕಂಪ್ರೆಶನ್ ಏರಿಸಿದ್ದೂ ಆಯಿತು. ಎಂಜಿನ್ ಉಸಿರಾಡೋ ರೀತಿಯೇ ಬದಲಾಯಿತು. ಡಬ್ಬಿ ಮಾತ್ರ ತನ್ನ ಹಳೆ ಲೆಕ್ಕದಲ್ಲೇ ಕೂತಿತ್ತು.

ಇಂಥ ಸ್ಥಿತಿಯಲ್ಲಿ ಇರೋದು ಮೂರು ದಾರಿ. ಹಳೆ ಡಬ್ಬಿಯೊಳಗಿನ ಲೆಕ್ಕವನ್ನೇ ತಿದ್ದಿಸಬಹುದು. ಅದರ ಬೆನ್ನ ಮೇಲೆ ಇನ್ನೊಂದು ಪುಟ್ಟ ಡಬ್ಬಿ ಕೂರಿಸಬಹುದು, ಇದಕ್ಕೆ ಪಿಗ್ಗಿಬ್ಯಾಕ್ ಅಂತಾರೆ, ನಮ್ಮ ಉಪ್ಪುಮೂಟೆ ಆಟದ ಹಾಗೆ. ಇಲ್ಲವೇ ಹಳೆಯದನ್ನು ತೆಗೆದಿಟ್ಟು ಸಂಪೂರ್ಣ ಹೊಸದನ್ನೇ ಹಾಕಬಹುದು, ಸ್ಟ್ಯಾಂಡ್‌ಅಲೋನ್. ಇದನ್ನು ಮೊಬೈಲ್ ಆರಿಸೋ ಹಾಗೆ ದುಡ್ಡು, ಫೀಚರ್ ನೋಡಿ ಆರಿಸಬಹುದು ಅಂದುಕೊಂಡಿದ್ದೆ. ಹಾಗೆ ಆರಿಸಿ ಒಂದು ಸಲ ಎಂಜಿನ್ ಒಡಕೊಂಡ ಮೇಲೆ, ಈ ಡಬ್ಬಿ ಯಾಕೆ ಹುಟ್ಟಿತು ಅಂತ ಹಿಂದಕ್ಕೆ ಹೋಗಿ ಓದಿದೆ. ಓದಿದಷ್ಟೂ ಒಂದು ವಿಷಯ ಗಟ್ಟಿಯಾಯ್ತು. ಇದು ವೇಗಕ್ಕಾಗಿ ಹುಟ್ಟಿದ್ದೇ ಅಲ್ಲ.

ಮೊದಲು ಕಾರ್ಬುರೇಟರ್ ಇತ್ತು. ಅದು ಲೆಕ್ಕ ಹಾಕೋದಿಲ್ಲ, ಗಾಳಿ ಎಳೆದಷ್ಟು ಪೆಟ್ರೋಲ್ ಬಿಡುತ್ತೆ, ಅಷ್ಟೇ. ಲೆಕ್ಕ ಹಾಕೋದು ಮೆಕ್ಯಾನಿಕ್‌ನ ಕೆಲಸ. ಹುಬ್ಬಳ್ಳಿ ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಮೇಲಿದೆ. ಇಲ್ಲಿ ಟ್ಯೂನ್ ಮಾಡಿದ ಗಾಡಿ ಅರಬೈಲ್ ಘಟ್ಟ ಇಳಿದು ಅಂಕೋಲಾ ಮುಟ್ಟಿದರೆ ಅಲ್ಲಿನ ಗಾಳಿ ದಟ್ಟ, ಪೆಟ್ರೋಲ್ ಪಾಲು ಕಡಿಮೆ ಬೀಳುತ್ತೆ. ಕಾರವಾರಕ್ಕೆ ವರ್ಗವಾಗಿ ಹೋಗೋ ಗಿರಾಕಿಗಳ ಗಾಡಿಗೆ ಚಾಚಾ ಸ್ಕ್ರೂ ಒಂಚೂರು ಬೇರೆ ತಿರುಗಿಸಿ ಕಳಿಸುತ್ತಿದ್ದರಂತೆ. ಪ್ಲಗ್ ಬಿಚ್ಚಿ ಬಣ್ಣ ನೋಡೋರು. ನಶ್ಯದ ಬಣ್ಣ ಇದ್ದರೆ ಸರಿ, ಸುಣ್ಣದ ಬಣ್ಣಕ್ಕೆ ತಿರುಗಿದ್ದರೆ ಪೆಟ್ರೋಲ್ ಕಡಿಮೆ, ಮಸಿಯಾಗಿದ್ದರೆ ಜಾಸ್ತಿ. 1990ರ ದಶಕದಲ್ಲಿ ಅವರ ಗ್ಯಾರೇಜ್ ಮುಂದೆ ಮಾರುತಿ 800, ಪ್ರೀಮಿಯರ್ ಪದ್ಮಿನಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಕಿವಿ, ಒಂದು ವ್ಯಾಕ್ಯೂಮ್ ಗೇಜ್, ಒಂದು ಟೈಮಿಂಗ್ ಲೈಟ್, ಇಷ್ಟೇ ಅವರ ಆಸ್ತಿ.

ಈ ಲೆಕ್ಕವನ್ನು ವಿದ್ಯುತ್ತಿಗೆ ಒಪ್ಪಿಸೋ ಯತ್ನ ಮೊದಲು ನಡೆದದ್ದು ಅಮೆರಿಕದಲ್ಲಿ. ಬೆಂಡಿಕ್ಸ್ ಕಂಪನಿಯ ಎಲೆಕ್ಟ್ರೋಜೆಕ್ಟರ್ 1958ರಲ್ಲಿ ಕ್ರೈಸ್ಲರ್‌ನ ಕೆಲವೇ ಕಾರುಗಳಿಗೆ ಬಂತು. ಆ ಕಾಲದ ಬಿಡಿಭಾಗಗಳು ಬಾನೆಟ್ ಕೆಳಗಿನ ಬಿಸಿ ತಡೆಯಲಿಲ್ಲ, ಬಹುತೇಕ ಕಾರುಗಳಿಗೆ ಮತ್ತೆ ಕಾರ್ಬುರೇಟರ್ ಹಾಕಿಕೊಡಬೇಕಾಯ್ತು. ಅದರ ಪೇಟೆಂಟುಗಳು ಜರ್ಮನಿಯ ಬಾಷ್ ಕೈಗೆ ಬಂದವು, 1967ರಲ್ಲಿ ಬಾಷ್ ಡಿ-ಜೆಟ್ರಾನಿಕ್ ಹೊರತಂದಿತು. ಇದೇ ಬಾಷ್ 1951ರಿಂದ ಬೆಂಗಳೂರಿನಲ್ಲಿ ಮೈಕೋ ಹೆಸರಿನಲ್ಲಿತ್ತು. ನಮ್ಮೂರ ಅಂಗಡಿಗಳಲ್ಲಿ ಸಿಗುತ್ತಿದ್ದ ಮೈಕೋ ಪ್ಲಗ್, ಮೈಕೋ ಡೀಸೆಲ್ ಪಂಪ್ ನೆನಪಿರಬಹುದು. ಆಡುಗೋಡಿಯಲ್ಲಿ ಪ್ಲಗ್ ತಯಾರಾಗುತ್ತಿದ್ದಾಗ ಸ್ಟುಟ್‌ಗಾರ್ಟ್‌ನಲ್ಲಿ ಆ ಪ್ಲಗ್ಗಿಗೆ ಯಾವಾಗ ಕಿಡಿ ಹಾರಿಸಬೇಕು ಅನ್ನೋದನ್ನು ಕಂಪ್ಯೂಟರಿಗೆ ಕಲಿಸುತ್ತಿದ್ದರು. 1979ರಲ್ಲಿ ಬಾಷ್‌ನ ಮೋಟ್ರಾನಿಕ್ ಬಂತು. ಪೆಟ್ರೋಲ್ ಎಷ್ಟು, ಕಿಡಿ ಯಾವಾಗ, ಎರಡೂ ಒಂದೇ ಡಬ್ಬಿಯಲ್ಲಿ.

ಜಪಾನಿನ ಕಥೆಯಲ್ಲಿ ಒತ್ತಡ ಬೇರೆ ಕಡೆಯಿಂದ ಬಂದದ್ದು. 1970ರಲ್ಲಿ ಅಮೆರಿಕ ಸ್ವಚ್ಛ ಗಾಳಿಯ ಕಾಯ್ದೆಯನ್ನು ಬಿಗಿ ಮಾಡಿತು. ಜಪಾನ್ ಸರ್ಕಾರ ಅದೇ ದಾರಿ ಹಿಡಿದು, 1978ರ ಹೊತ್ತಿಗೆ ನೈಟ್ರೋಜನ್ ಆಕ್ಸೈಡ್‌ಗಳಿಗೆ ಕಿಲೋಮೀಟರಿಗೆ 0.25 ಗ್ರಾಂ ಮಿತಿ ಹಾಕಿತು. ಹೊಂಡಾದವರು ಸಿವಿಸಿಸಿ ಎಂಬ ಜಾಣ ಎಂಜಿನ್ ಮಾಡಿ ಕಾರ್ಬುರೇಟರ್ ಇಟ್ಟುಕೊಂಡೇ ಅಮೆರಿಕದ ಪರೀಕ್ಷೆ ದಾಟಿದರು. ಉಳಿದವರಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಬೇಕಾಯ್ತು. ಆ ಕನ್ವರ್ಟರ್ ಮಹಾ ಮಡಿವಂತ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಇದ್ದರೆ ಮಾತ್ರ ಮೂರೂ ಬಗೆಯ ವಿಷವನ್ನು ಒಟ್ಟಿಗೆ ತೊಳೆಯುತ್ತೆ, ಆ ಕಡೆ ಈ ಕಡೆ ವಾಲಿದರೆ ಮುನಿಸು. ಅಷ್ಟು ಕರಾರುವಾಕ್ಕಾಗಿ ಅಳೆದು ಹಾಕೋದು ಕಾರ್ಬುರೇಟರ್ ಕೈಯಲ್ಲಿ ಆಗೋ ಕೆಲಸವಲ್ಲ. ನಿಸ್ಸಾನ್, ಡೀಸೆಲ್ ಕಿಕಿ ಕಂಪನಿಗಳು ಬಾಷ್ ಜೊತೆ ಸೇರಿ 1973ರಲ್ಲೇ ಜೆಕ್ಸ್ ಎಂಬ ಜಂಟಿ ಕಂಪನಿ ಕಟ್ಟಿದ್ದವು. 1979ರಲ್ಲಿ ನಿಸ್ಸಾನ್‌ನ ಇಸಿಸಿಎಸ್ ಬಂತು. ಹೊಂಡಾ 1982ರಲ್ಲಿ ತನ್ನ ಪಿಜಿಎಂ-ಎಫ್‌ಐ ಅನ್ನು ಕಾರಿಗೆ ಹಾಕಿತು. ಯಾವ ಕಾರಿಗೆ ಗೊತ್ತಾ? ಸಿಟಿ ಟರ್ಬೊ. ನಮ್ಮ ಸಿಟಿಗೂ ಅದಕ್ಕೂ ಹೆಸರು ಬಿಟ್ಟರೆ ನೆಂಟಸ್ತಿಕೆ ಕಡಿಮೆ, ಅದು ಡಬ್ಬಿಯಾಕಾರದ ಪುಟ್ಟ ಕಾರು. ಆದರೂ ಓದಿದ ದಿನ ನನಗೆ ಖುಷಿಯಾಗಿತ್ತು.

ಹೀಗೆ ಓದುವಾಗ ಡಬ್ಬಿಯೊಳಗಿನ ಕೋಷ್ಟಕ ನನಗೆ ಬೇರೆ ಥರ ಕಾಣತೊಡಗಿತು. ಅದರಲ್ಲಿ ಏನಿರುತ್ತೆ? ಎಕ್ಸೆಲ್ ಶೀಟ್ ನೆನೆಸಿಕೊಳ್ಳಿ. ಒಂದು ಕಡೆ ಎಂಜಿನ್ನಿನ ವೇಗ, ಇನ್ನೊಂದು ಕಡೆ ಅದು ಎಳೆದುಕೊಳ್ಳುತ್ತಿರೋ ಗಾಳಿಯ ಒತ್ತಡ. ಪ್ರತಿ ಮನೆಯಲ್ಲಿ ಒಂದು ಸಂಖ್ಯೆ, ಇಷ್ಟು ಹೊತ್ತು ಇಂಜೆಕ್ಟರ್ ತೆರೆದಿರಲಿ ಅಂತ. ಅಂಥದ್ದೇ ಇನ್ನೊಂದು ಶೀಟು ಕಿಡಿಯ ಸಮಯಕ್ಕೆ. 7000 ಆರ್‌ಪಿಎಂನಲ್ಲಿ ಎಂಜಿನ್ ಒಂದು ಸುತ್ತು ಮುಗಿಸೋಕೆ ಒಂದು ಸೆಕೆಂಡಿನ ಸಾವಿರದಲ್ಲಿ ಎಂಟೂವರೆ ಭಾಗ ಸಾಕು, ಅಷ್ಟರೊಳಗೆ ಶೀಟು ನೋಡಿ ಆಜ್ಞೆ ಹೊರಡಬೇಕು. ಆದರೆ ಆ ಸಂಖ್ಯೆಗಳನ್ನು ಬರೆದವರು ಎಂಜಿನ್ ಒಂದನ್ನೇ ನೋಡಿ ಬರೆದಿಲ್ಲ. ಹೊಗೆಗೆ ಸರ್ಕಾರ ಹಾಕಿದ ಮಿತಿ, ಪಂಪಿನಲ್ಲಿ ಸಿಗೋ ಪೆಟ್ರೋಲಿನ ಗುಣ, ಕಂಪನಿಯ ವಾರಂಟಿ ಖರ್ಚು, ಇವೆಲ್ಲ ಕೂತು ಮಾಡಿಕೊಂಡ ಒಂದು ಕರಾರು ಅದು. ಕಾರು ಕೊಂಡವನ ಸಹಿ ಅದರಲ್ಲಿಲ್ಲ. ಚಾಚಾನ ಸಹಿಯಂತೂ ಇಲ್ಲವೇ ಇಲ್ಲ.

ವೇಗದವರು ಈ ಮದುವೆಗೆ ಕರೆಯದೇ ಬಂದ ನೆಂಟರು. 1989ರಲ್ಲಿ ಹೊಂಡಾ ಇಂಟೆಗ್ರಾದಲ್ಲಿ ವಿಟೆಕ್ ಹಾಕಿತು. ಇಕುವೊ ಕಜಿತಾನಿ ಎಂಬ ಎಂಜಿನಿಯರ್ ನೇತೃತ್ವದ ಕೆಲಸ. 1.6 ಲೀಟರಿಗೆ 160 ಪಿಎಸ್, ಅಂದರೆ ಲೀಟರಿಗೆ ನೂರು. ಕಡಿಮೆ ವೇಗಕ್ಕೊಂದು, ಹೆಚ್ಚು ವೇಗಕ್ಕೊಂದು ಕ್ಯಾಮ್, ಯಾವಾಗ ಬದಲಾಗಬೇಕು ಅನ್ನೋ ಅಪ್ಪಣೆ ಡಬ್ಬಿಯದು. ನಮ್ಮ ಸಿಟಿಯಲ್ಲಿರೋದು ಅದರ ಬಡ ಸೋದರ, ಒಂದೇ ಕ್ಯಾಮ್‌ಶಾಫ್ಟು, ಗಾಳಿ ಒಳಗೆ ಬರೋ ವಾಲ್ವ್‌ಗಳಿಗೆ ಮಾತ್ರ ಈ ಸೌಲಭ್ಯ. ಅದೇ 1989ರ ಹೊತ್ತಿಗೆ ಜಪಾನಿನ ಕಂಪನಿಗಳು 280 ಪಿಎಸ್ ಮೇಲೆ ಹೋಗೋದಿಲ್ಲ ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡವು. 2004ರವರೆಗೂ ಆ ಮಾತು ನಡೆಯಿತು. 180 ಕಿಲೋಮೀಟರ್ ದಾಟದಂತೆ ಡಬ್ಬಿಯಲ್ಲೇ ಬೀಗ. ಬೀಗ ಇದ್ದಲ್ಲಿ ಬೀಗ ತೆಗೆಯೋರು ಇರ್ತಾರಲ್ಲ. ಎಚ್‌ಕೆಎಸ್, ಅಪೆಕ್ಸಿಯಂಥ ಟ್ಯೂನಿಂಗ್ ಕಂಪನಿಗಳು ಈ ಡಬ್ಬಿಗಳ ಭಾಷೆ ಕಲಿತವು. ಅಪೆಕ್ಸಿಯ ಪವರ್ ಎಫ್‌ಸಿ ಹಳೆ ಡಬ್ಬಿಯ ಪ್ಲಗ್ಗಿಗೇ ಕೂರುವಂತಿತ್ತು, ಕೈಯಲ್ಲಿ ಹಿಡಿಯೋ ಪುಟ್ಟ ಪರದೆಯಿಂದ ಕೋಷ್ಟಕ ತಿದ್ದಬಹುದಿತ್ತು. ಅಮೆರಿಕದ ಹೊಂಡಾ ಹುಡುಗರು 1992ರಿಂದ 95ರ ಸಿವಿಕ್‌ನ ಪಿ28 ಎಂಬ ಡಬ್ಬಿಯೊಳಗೆ ಸಾಕೆಟ್ ಬೆಸೆದು, ತಾವು ಬರೆದ ಚಿಪ್ ಕೂರಿಸಿದರು. ಆ ಚಿಪ್ಪಿನ ಗಾತ್ರ 32 ಕಿಲೋಬೈಟ್. ಬೆಳಿಗ್ಗೆ ಫ್ಯಾಮಿಲಿ ಗ್ರೂಪಿಗೆ ಬರೋ ಗುಡ್ ಮಾರ್ನಿಂಗ್ ಚಿತ್ರ ಅದಕ್ಕಿಂತ ದೊಡ್ಡದಿರುತ್ತೆ.

ಹೀಗೆ ಮೂರು ದಾರಿಗಳಿಗೂ ಒಂದೊಂದು ಹಿನ್ನೆಲೆ ಇದೆ. ಇದ್ದ ಕರಾರನ್ನು ತಿದ್ದೋದು, ಕರಾರು ಓದೋರಿಗೆ ಸುಳ್ಳು ಹೇಳೋದು, ಹೊಸ ಕರಾರು ಬರೆಯೋದು. ನಾನು ಮೊದಲು ಆರಿಸಿದ್ದು ಸುಳ್ಳನ್ನು.

2022ರಲ್ಲಿ ಒಂದು ಪಿಗ್ಗಿಬ್ಯಾಕ್ ಹಾಕಿದೆ. ಯಾರದ್ದು ಅಂತ ಹೇಳೋದಿಲ್ಲ, ತಪ್ಪು ವಸ್ತುವಿನದಲ್ಲ, ನನ್ನದು. ಅದರ ಕೆಲಸ ಸರಳ. ಗಾಳಿಯ ಒತ್ತಡ ಅಳೆಯೋ ಸೆನ್ಸರಿಗೂ ಡಬ್ಬಿಗೂ ನಡುವೆ ಕೂತು, ನಿಜವಾದ ಸಂಖ್ಯೆ ಬದಲು ತನಗೆ ಬೇಕಾದ ಸಂಖ್ಯೆ ದಾಟಿಸುತ್ತೆ. ಕಂಪನಿಯ ಲೆಕ್ಕದಲ್ಲಿ ಪೂರ್ತಿ ಆಕ್ಸಲರೇಟರ್ ಒತ್ತಿದಾಗ ಪೆಟ್ರೋಲ್ ಸ್ವಲ್ಪ ಧಾರಾಳ ಇರುತ್ತೆ, ಎಂಜಿನ್ ತಂಪಾಗಿರಲಿ ಅಂತ. ಅದನ್ನು ಕೊಂಚ ಬಿಗಿ ಮಾಡಿದರೆ ಒಂದಿಷ್ಟು ಶಕ್ತಿ ಬರುತ್ತೆ. ನಾನು 'ಗಾಳಿ ಕಡಿಮೆ ಬರ್ತಾ ಇದೆ' ಅಂತ ಡಬ್ಬಿಗೆ ಹೇಳಿಸಿದೆ. ಅದು ಪೆಟ್ರೋಲ್ ಕಡಿಮೆ ಮಾಡಿತು. ಕಾರು ನಿಜಕ್ಕೂ ಚುರುಕಾಯ್ತು, ನಾನು ಬೀಗಿದೆ.

ಮರೆತದ್ದು ಏನಂದ್ರೆ, ಕಿಡಿಯ ಕೋಷ್ಟಕವೂ ಅದೇ ಗಾಳಿಯ ಸಂಖ್ಯೆಯನ್ನೇ ನೋಡುತ್ತೆ. ಗಾಳಿ ಕಡಿಮೆ ಇದ್ದಾಗ ಕಿಡಿಯನ್ನು ಬೇಗ ಹಾರಿಸಬೇಕು ಅನ್ನೋದು ನಿಯಮ. ಒಂದು ಸುಳ್ಳಿಗೆ ಎರಡು ಪರಿಣಾಮ, ಪೆಟ್ರೋಲೂ ಕಡಿಮೆ, ಕಿಡಿಯೂ ಬೇಗ. ಅದರ ಮೇಲೆ ತೇಯಿಸಿದ ಹೆಡ್ಡು, ಏರಿದ ಕಂಪ್ರೆಶನ್, ಪಂಪಿನ ಮಾಮೂಲಿ 91 ಆಕ್ಟೇನ್ ಪೆಟ್ರೋಲು. ಕಿಡಿಗೆ ಕಾಯದೆ ಮೂಲೆಯಲ್ಲಿ ಉಳಿದ ಮಿಶ್ರಣ ತಾನೇ ಸಿಡಿಯೋದಕ್ಕೆ ನಾಕಿಂಗ್ ಅಂತಾರೆ. ಗಾಜಿನ ಡಬ್ಬಿಯಲ್ಲಿ ಗೋಲಿ ಅಲುಗಾಡಿಸಿದ ಸದ್ದು. ಮ್ಯೂಸಿಕ್ ಹಾಕಿಕೊಂಡು ಓಡಿಸೋ ನನಗೆ ಕೇಳಿಸಲಿಲ್ಲ. ಬ್ರೇಕ್ ಪ್ಯಾಡ್ ಹಾಕಿಸೋಕೆ ಹೋದಾಗ ಚಾಚಾ ಕಾರನ್ನು ಒಂದು ಸುತ್ತು ಓಡಿಸಿ ತಂದು, ಕೆಳಗಿಳಿಯದೇ ಕೇಳಿದರು.

"ತಮ್ಮಾ, ಇದಕ್ಕ ಏನ್ ಮಾಡಿ?"

ಹೇಳಿದೆ.

"ಅದಕ್ಕ ಸುಳ್ಳ ಹೇಳಾಕತ್ತಿ ಅಂದಂಗಾತು. ಗಾಡಿ ಕೆಮ್ಮಾಕತ್ತೈತಿ, ಕೇಳಸಂಗಿಲ್ಲೇನ?"

ಪ್ಲಗ್ ಬಿಚ್ಚಿದರು. ಸುಣ್ಣದ ಬಿಳುಪು, ಅದರ ಮೇಲೆ ಮೆಣಸಿನಕಾಳು ಪುಡಿಯ ಹಾಗೆ ಕಪ್ಪು ಚುಕ್ಕೆ, ಹೊಳೆಯೋ ಚುಕ್ಕೆ. ಹೊಳೆಯೋದು ಅಲ್ಯುಮಿನಿಯಂ. ಅಂದ್ರೆ ಪಿಸ್ಟನ್ನಿನದು. ಹೆಡ್ ಇಳಿಸಿ ನೋಡಿದರೆ ಮೂರನೇ ಪಿಸ್ಟನ್ನಿನ ರಿಂಗ್ ಕೂರೋ ಅಂಚು ಮುರಿದಿತ್ತು. ಸ್ಕ್ಯಾನರ್ ಹಾಕಿದರೆ ಒಂದೂ ದೋಷ ಇಲ್ಲ. ಡಬ್ಬಿಯ ಮಟ್ಟಿಗೆ ಎಲ್ಲ ಸರಿ ಇತ್ತು, ಅದಕ್ಕೆ ಹೇಳಿದ್ದನ್ನೇ ಅದು ನಂಬಿತ್ತು.

ಎಂಜಿನ್ ಕಟ್ಟೋಕೆ ನಾಲ್ಕು ತಿಂಗಳು ಹಿಡಿಯಿತು. ಬಿಡಿಭಾಗಕ್ಕಾಗಿ ಬೆಂಗಳೂರಿನ ಜೆಸಿ ರಸ್ತೆ ಅಲೆದದ್ದು ಬೇರೆ ಕಥೆ. ಸಂಜೆ ಹೊತ್ತು ಗ್ಯಾರೇಜಿನಲ್ಲಿ ಕೂತಾಗ ಚಾಚಾ ತಮ್ಮ ಕಡೆಯ ಇತಿಹಾಸ ಹೇಳುತ್ತಿದ್ದರು. ಪುಸ್ತಕದಲ್ಲಿ ಅದರ ತಾರೀಖುಗಳು ಹೀಗಿವೆ. 1999ರಲ್ಲಿ ಸುಪ್ರೀಂ ಕೋರ್ಟ್ ದೆಹಲಿಯ ಹೊಸ ಖಾಸಗಿ ಕಾರುಗಳಿಗೆ ಯೂರೋ ನಿಯಮ ಬೇಗ ಬರಲಿ ಅಂತ ಆದೇಶ ಮಾಡಿತು. 2000ದ ಫೆಬ್ರುವರಿ 1ರಿಂದ ದೇಶಾದ್ಯಂತ ಸೀಸ ಇಲ್ಲದ ಪೆಟ್ರೋಲು, ಏಪ್ರಿಲ್‌ನಿಂದ ಎಲ್ಲೆಡೆ ಯೂರೋ ಒಂದರ ಸಮನಾದ ನಿಯಮ. 2005ಕ್ಕೆ ದೇಶಕ್ಕೆಲ್ಲ ಬಿಎಸ್ 2. ಜಪಾನಿನಲ್ಲಿ 70ರ ದಶಕದಲ್ಲಿ ನಡೆದದ್ದು ಇಲ್ಲಿ ಐದಾರು ವರ್ಷದಲ್ಲಿ ನಡೆದುಹೋಯ್ತು. ಮಾರುತಿ 800ರ ಹಿಂಬದಿಯಲ್ಲಿ 'ಎಂಪಿಎಫ್‌ಐ' ಅಂತ ಬರೆದುಕೊಂಡು ಬಂತು. ಶ್ವಾಸಕೋಶಗಳಿಗೆ ಒಳ್ಳೆಯದೇ ಆಯ್ತು, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ.

ಗೋಕುಲ ರಸ್ತೆಯಲ್ಲಿ ಅದೇ ತಾರೀಖುಗಳ ಲೆಕ್ಕ ಬೇರೆ. ಸ್ಕ್ರೂ ಇಲ್ಲದ ಎಂಜಿನ್ ಬಂತು. ಕೆಟ್ಟರೆ ಮೀಟರಿನಲ್ಲಿ ಹಳದಿ ದೀಪ ಹತ್ತುತ್ತೆ, ಅದು ಏನು ಹೇಳ್ತಿದೆ ಅಂತ ಓದೋ ಯಂತ್ರ ಕಂಪನಿ ಶೋರೂಮಿನಲ್ಲಿ ಮಾತ್ರ. ಕಿವಿಯಿಂದ ಮಿಕ್ಸ್ಚರ್ ಹಿಡಿಯುತ್ತಿದ್ದ ಮನುಷ್ಯ ಬ್ರೇಕು, ಕ್ಲಚ್ಚು, ಶಾಕ್ ಅಬ್ಸಾರ್ಬರಿಗೆ ಇಳಿದರು. ಇಬ್ಬರು ಹುಡುಗರಲ್ಲಿ ಒಬ್ಬನನ್ನು ಬಿಡಿಸಬೇಕಾಯ್ತು. "ಎಂಜಿನ್ ಅಂತೂ ನಮ್ಮ ಕೈ ಬಿಟ್ಟು ಹೋತು" ಅನ್ನುವಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಮಗಳನ್ನು ಗಂಡನ ಮನೆಗೆ ಕಳಿಸಿದ ಮಾತಿನ ಹಾಗಿತ್ತು. ತಮಾಷೆ ನೋಡಿ, ನನ್ನ ಜೊತೆ ಬಿವಿಬಿ ಕಾಲೇಜಿನಲ್ಲಿ ಓದಿದ ಇಬ್ಬರು ಈಗ ಬೆಂಗಳೂರಿನಲ್ಲಿ ಇಂಥ ಡಬ್ಬಿಗಳಿಗೇ ಸಾಫ್ಟ್‌ವೇರ್ ಬರೀತಾರೆ. ಯುರೋಪಿನ ಕಾರುಗಳ ಎಂಜಿನ್ನಿಗೆ ನಮ್ಮ ವಿದ್ಯಾನಗರದ ಹುಡುಗರು ಆಜ್ಞೆ ಕೊಡ್ತಾರೆ. ಊರಿಗೆ ಬಂದಾಗ ಏನ್ ಬರಿತೀರೋ ಅಂತ ಕೇಳಿದರೆ, "ಅದನ್ನ ಹೇಳಂಗಿಲ್ಲಲೇ, ಸಹಿ ಮಾಡಿಸ್ಕೊಂಡಾರ" ಅಂತಾರೆ.

ಈ ಸಲ ಹೆಡ್ಡನ್ನು ಕಂಪನಿಯ ಕಂಪ್ರೆಶನ್ನಿಗೇ ಕಟ್ಟಿಸಿದೆ. ಹೆಡರ್, ಕ್ಯಾಮ್ ಉಳಿದವು. ಹಳೆ ಡಬ್ಬಿ ಒಂದರ ಮೇಲೇ ಓಡಿಸಿದೆ, ಸ್ವಲ್ಪ ಮುನಿಸಿಕೊಂಡರೂ ಓಡುತ್ತಿತ್ತು. ಅಲ್ಲಿಗೆ ನಿಲ್ಲಬಹುದಿತ್ತು. ಅಷ್ಟರಲ್ಲಿ ಪೆಟ್ರೋಲೇ ಬದಲಾಯ್ತು.

2023ರ ಫೆಬ್ರುವರಿಯಲ್ಲಿ ಪ್ರಧಾನಿಯವರು ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಬಿಡುಗಡೆ ಮಾಡಿದರು, ನೂರಕ್ಕೆ 20 ಪಾಲು ಎಥೆನಾಲ್. 2025ರ ಹೊತ್ತಿಗೆ ನಮ್ಮ ಪಂಪುಗಳಲ್ಲೂ ಅದೇ. ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳು ಕಬ್ಬಿನಿಂದ ಎಥೆನಾಲ್ ಮಾಡ್ತವೆ. ಒಂದು ಲೆಕ್ಕದಲ್ಲಿ ನಮ್ಮ ಕಬ್ಬೇ ಟ್ಯಾಂಕಿಗೆ ಬಂತು, ಬೇಜಾರೇಕೆ ಅಂತ ಕೇಳಬಹುದು. ಬೇಜಾರು ಡಬ್ಬಿಯದು. ಎಥೆನಾಲ್ ತನ್ನೊಳಗೇ ಆಕ್ಸಿಜನ್ ಹೊತ್ತುಕೊಂಡಿರುತ್ತೆ, ಅದು ಉರಿಯೋಕೆ ತೂಕದಲ್ಲಿ 9 ಪಾಲು ಗಾಳಿ ಸಾಕು. 20 ಪಾಲು ಬೆರೆತರೆ ಆ ಮಡಿವಂತ 14.7 ಕೆಳಗಿಳಿದು ಸುಮಾರು 13.5ಕ್ಕೆ ಬರುತ್ತೆ. ಅಂದರೆ ಅಷ್ಟೇ ಗಾಳಿಗೆ ನೂರಕ್ಕೆ ಎಂಟೊಂಬತ್ತರಷ್ಟು ಹೆಚ್ಚು ಇಂಧನ ಬೇಕು. ನಿಧಾನ ಓಡಿಸುವಾಗ ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ಇದನ್ನು ಹಿಡಿದು ಸರಿ ಮಾಡಿಸುತ್ತೆ. ಪೂರ್ತಿ ಆಕ್ಸಲರೇಟರ್ ಒತ್ತಿದಾಗ ಹಳೆ ಡಬ್ಬಿ ಆ ಸೆನ್ಸರಿಗೆ ಕಿವಿ ಕೊಡೋದಿಲ್ಲ, 2002ರ ಕೋಷ್ಟಕವನ್ನೇ ನಂಬುತ್ತೆ. ಎಥೆನಾಲ್‌ನಿಂದ ಆಕ್ಟೇನ್ ಏರುತ್ತೆ, ನಾಕಿಂಗ್ ಭಯ ಕಡಿಮೆ, ಅದು ನಿಜ. ಆ ಲಾಭ ತೆಗೆದುಕೊಳ್ಳೋಕೂ ಕೋಷ್ಟಕ ತಿದ್ದೋಕೆ ಬರಬೇಕಲ್ಲ.

ಇದು ನನ್ನಂಥ ಹುಚ್ಚರದಷ್ಟೇ ಸಮಸ್ಯೆ ಅಲ್ಲ ಅಂತ ಹೊಳೆದದ್ದು ಆಗ. ಪಿಸ್ಟನ್ ಒಡೆದಾಗ ಕರಾರು ಮುರಿದವನು ನಾನು. ಈ ಸಲ ಮುರಿದವರು ಕರಾರು ಬರೆದವರೇ. ಒಂದು ಪಕ್ಷದವರು ಇಂಧನ ಬದಲಿಸಿದರು, ಕೋಷ್ಟಕ ಹಳೆಯದೇ ಉಳಿಯಿತು, ಅದನ್ನು ತಿದ್ದೋ ಕೀಲಿ ಕಾರಿನವರ ಕೈಯಲ್ಲಿಲ್ಲ, ಅವರ ಮೆಕ್ಯಾನಿಕ್ ಕೈಯಲ್ಲೂ ಇಲ್ಲ.

ಹೀಗಾಗಿ ಮೊದಲ ದಾರಿಯನ್ನು ಬಿಟ್ಟೆ. ಹಳೆ ಡಬ್ಬಿಯ ಲೆಕ್ಕ ತಿದ್ದಿಕೊಡೋರು ಸಾಮಾನ್ಯವಾಗಿ ತಮ್ಮ ಫೈಲಿಗೂ ಬೀಗ ಹಾಕ್ತಾರೆ. ಅವರ ಹೊಟ್ಟೆಪಾಡು, ತಪ್ಪಲ್ಲ. ಆದರೆ ಒಂದು ಬೀಗದ ಬದಲು ಇನ್ನೊಂದು ಬೀಗ. ಎರಡನೆಯದರ ಪಾಠ ಆಗಿತ್ತು. ಉಳಿದದ್ದು ಸ್ಟ್ಯಾಂಡ್‌ಅಲೋನ್. ಆಸ್ಟ್ರೇಲಿಯಾದ ಮೋಟೆಕ್, ಹಾಲ್ಟೆಕ್ ರೇಸಿನವರ ಪಾಲಿಗೆ ಒಳ್ಳೆ ಹೆಸರು, ಬೆಲೆ ಕೇಳಿದರೆ ನನ್ನ ಕಾರೇ ಎಕ್ಸ್‌ಚೇಂಜಿಗೆ ಹೋಗಬೇಕು. ಇನ್ನೊಂದು ಸಾಲು ಇದೆ. 2001ರಲ್ಲಿ ಬ್ರೂಸ್ ಬೌಲಿಂಗ್, ಅಲ್ ಗ್ರಿಪ್ಪೋ ಎಂಬ ಇಬ್ಬರು ಅಮೆರಿಕನ್ನರು ಮೆಗಾಸ್ಕ್ವರ್ಟ್ ಎಂಬ, ಮನೆಯಲ್ಲೇ ಬೆಸೆದು ಕಟ್ಟಿಕೊಳ್ಳೋ ಡಬ್ಬಿ ಮಾಡಿದರು. ಅದರ ಮುಂದಿನ ತಲೆಮಾರು ಆಸ್ಟ್ರೇಲಿಯಾದ ಜಾಶ್ ಸ್ಟುವರ್ಟ್ ಶುರು ಮಾಡಿದ ಸ್ಪೀಡುಯಿನೋ. ಆರ್ಡುಯಿನೋ ಮೆಗಾ 2560 ಬೋರ್ಡಿನ ಮೇಲೆ ಓಡುತ್ತೆ. ಎಂಜಿನಿಯರಿಂಗ್ ಮಕ್ಕಳು ಎಲ್‌ಇಡಿ ಮಿನುಗಿಸೋಕೆ ಬಳಸ್ತಾರಲ್ಲ, ಅದೇ. ಅದರ ಕೋಡಿನ ಪ್ರತಿ ಸಾಲೂ ಯಾರು ಬೇಕಾದರೂ ಓದೋಕೆ ತೆರೆದಿದೆ.

ಇದರಲ್ಲಿ ಕಷ್ಟ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಾರಂಟಿ ಇಲ್ಲ. ಬೆಸುಗೆ ಸಡಿಲಾದರೆ ನಡುರಸ್ತೆಯಲ್ಲಿ ನಿಲ್ತೀರಿ. ಬಾಷ್‌ನದೇ ವೈಡ್‌ಬ್ಯಾಂಡ್ ಸೆನ್ಸರ್ ಬೇರೆ ಕೊಳ್ಳಬೇಕು. ಬೆಳಗಿನ ತಣ್ಣನೆ ಎಂಜಿನ್ ಒಂದೇ ಸೆಲ್ಫಿಗೆ ಹತ್ತುವಂತೆ ಮಾಡೋಕೆ ನನಗೆ ಎರಡು ವಾರ ಬೇಕಾಯ್ತು, ಯಾಕಂದ್ರೆ ತಣ್ಣನೆ ಎಂಜಿನ್ ದಿನಕ್ಕೆ ಒಂದೇ ಸಲ ಸಿಗುತ್ತೆ. ಇನ್ನು ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಟ್ಯೂನ್ ಮಾಡೋ ಆಲೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಬಿಡಿ, ಆ ರಸ್ತೆ ತಿಂದಿರೋ ಜೀವಗಳು ಸಾಕು. ಹೆಚ್ಚು ವೇಗದ ಮನೆಗಳನ್ನು ನಾನು ಖಾಲಿಯಾಗಿ, ಅಂದ್ರೆ ಧಾರಾಳ ಪೆಟ್ರೋಲು ಹಾಕಿ ಬಿಟ್ಟಿದ್ದೇನೆ. ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಹೋದ ದಿನ ತುಂಬಿದರಾಯ್ತು.

ಕಾನೂನೂ ಇದೆ. ನಮ್ಮ ಮನೆಯಿಂದ ಹತ್ತು ನಿಮಿಷಕ್ಕೆ ರಾಜ್ಯ ಕಾನೂನು ವಿಶ್ವವಿದ್ಯಾಲಯ, ಅಲ್ಲಿ ಓದಿದ ಗೆಳತಿಗೆ ಫೋನ್ ಮಾಡಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪು, ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಬದಲಿಸೋ ಹಾಗಿಲ್ಲ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ, ಎಲ್ಲ ಒಂದೇ ಉಸಿರಿಗೆ ಹೇಳಿದಳು. "ನಿನ್ನ ಡಬ್ಬಿ ಬಗ್ಗೆ ನಾನು ಧೈರ್ಯ ಹೇಳಂಗಿಲ್ಲ" ಅಂದಳು. ಹದಿನೈದು ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೆ ಮರುನೋಂದಣಿ. 2022ರಲ್ಲಿ 5,000 ರೂಪಾಯಿ ಕಟ್ಟಿ ಮಾಡಿಸಿದ್ದೇವೆ, ಮುಂದಿನದು 2027ಕ್ಕೆ. ಅದಕ್ಕೆ ಹಳೆ ಡಬ್ಬಿಯ ವೈರಿಂಗ್ ಒಂದನ್ನೂ ಕತ್ತರಿಸಿಲ್ಲ, ಅದರ ಪ್ಲಗ್ಗಿಗೇ ಕೂರೋ ಅಡಾಪ್ಟರ್ ಮಾಡಿದ್ದೇನೆ. ಅರ್ಧ ಗಂಟೆಯಲ್ಲಿ ಹಳೆಯದು ವಾಪಸ್. ಅದೀಗ ಗೋದ್ರೆಜ್ ಬೀರುವಿನಲ್ಲಿ ಅಮ್ಮನ ರೇಷ್ಮೆ ಸೀರೆಗಳ ಪಕ್ಕ ಹಳೆ ಟವೆಲ್ಲಿನಲ್ಲಿ ಸುತ್ತಿಕೊಂಡು ಮಲಗಿದೆ. ಇದು ಪೂರ್ತಿ ಸರಿ ಅಂತ ನಾನು ವಾದ ಮಾಡೋದಿಲ್ಲ.

ಹೊಸ ಡಬ್ಬಿ ಹಾಕಿದ ಮೇಲೆ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಪರದೆಯ ಮೇಲೆ ಕಿಡಿ ಇಷ್ಟು ಡಿಗ್ರಿಗೆ ಅಂತ ಬರುತ್ತೆ, ಅದು ನಿಜವಾ ಅಂತ ಎಂಜಿನ್ನಿನ ಪುಲ್ಲಿಯ ಮೇಲಿನ ಗುರುತಿನ ಜೊತೆ ತಾಳೆ ನೋಡಬೇಕು. ಅದಿಲ್ಲದೆ ಮುಂದೆ ಹೋದರೆ ನನ್ನ ಹಳೆ ಪಿಸ್ಟನ್ನಿನ ಗತಿ. ತಾಳೆ ನೋಡೋಕೆ ಬೇಕಾದದ್ದು ಟೈಮಿಂಗ್ ಲೈಟ್. ಇಪ್ಪತ್ತು ವರ್ಷದಿಂದ ಕೆಲಸವಿಲ್ಲದೆ ಕಬ್ಬಿಣದ ಕಪಾಟಿನಲ್ಲಿ ಬಿದ್ದಿದ್ದ ತಮ್ಮ ಲೈಟನ್ನು ಚಾಚಾ ಸಂಜೆ ಹೊತ್ತಿಗೆ ಬನಿಯನ್ ಬಟ್ಟೆಯಲ್ಲಿ ಒರೆಸಿಕೊಂಡು ತಂದರು. ಕತ್ತಲಾದರೆ ಗುರುತು ಚೆನ್ನಾಗಿ ಕಾಣುತ್ತೆ ಅಂತ ಕಾದೆವು. ಮಳೆ ನಿಂತಿತ್ತು. ಬೋರ್ಡಿನಲ್ಲಿ ಟೈಮಿಂಗ್ 16 ಡಿಗ್ರಿಗೆ ಗಟ್ಟಿ ಮಾಡಿ ಎಂಜಿನ್ ಹಚ್ಚಿದೆ. ನಾಲ್ಕನೇ ಸಲಕ್ಕೆ ಹತ್ತಿತು.

ಚಾಚಾ ಬಗ್ಗಿ, ಒಂದು ಕಣ್ಣು ಮುಚ್ಚಿ, ಪುಲ್ಲಿಗೆ ಬೆಳಕು ಬಿಟ್ಟರು. ಬಹಳ ಹೊತ್ತು ನೋಡಿದರು.

"ನಿನ್ನ ಲ್ಯಾಪ್‌ಟಾಪ್ ಎಷ್ಟ ಅಂತೈತಿ?"

"ಹದಿನಾರ್ರಿ ಚಾಚಾ."

"ಪುಲ್ಲಿ ಹನ್ನೆರಡ ಅನ್ನಾಕತ್ತೈತಿ. ಯಾರ ಮಾತ ಕೇಳೂಣು?"

"ಪುಲ್ಲಿದ ಕೇಳೂಣ್ರಿ."

ಟ್ರಿಗರ್ ಕೋನದಲ್ಲಿ ನಾಲ್ಕು ಡಿಗ್ರಿ ತಿದ್ದಿದೆ. ಅವರು ಮತ್ತೆ ಬೆಳಕು ಬಿಟ್ಟು, "ಇನ್ನೊಂದ ಅರ್ಧ" ಅಂದರು. ಅರ್ಧ ಕೊಟ್ಟೆ. "ಹಾಂ, ಬಿಡ ಈಗ" ಅಂದವರು ಲೈಟು ಆರಿಸಿ, ಬಾನೆಟ್ ಮೇಲೆ ಕೈಯೂರಿ, ಎಂಜಿನ್ ಸದ್ದು ಕೇಳುತ್ತಾ ನಿಂತರು. ಒಳಗಿಂದ ಅಪ್ಪ ಹೊರಗೆ ಬಂದು ಇಬ್ಬರನ್ನೂ ನೋಡಿ, ಆವರೇಜ್ ಎಷ್ಟ ಕೊಡ್ತೈತಂತ ಅಂತ ಕೇಳಿದರು.